ಟವೆಲ್ ಕೆಳಗೆ ಕೊಂಡ ಕ್ಯಾಮೆರಾ

ಫೆಬ್ರವರಿ ತಿಂಗಳ ಎರಡನೇ ಬುಧವಾರ. ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷ. ಸ್ಥಳ, ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂಬಾಗಿಲು. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ನಮ್ಮ ಹಳೆಯ ಠಾಣೆಯ ಡ್ರೈವರ್. ಹೊರಟ ಉದ್ದೇಶ, ಜೀವನದ ಮೊದಲನೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳುವುದು.

ಹೀಗೆ ಬರೆದಿಡುವುದು ಮೂವತ್ತಾರು ವರ್ಷದ ಅಭ್ಯಾಸ. ಅಗ್ನಿಶಾಮಕ ಠಾಣೆಯಲ್ಲಿ ಕರೆ ಬಂದದ್ದು ಎಷ್ಟು ಹೊತ್ತಿಗೆ, ವಾಹನ ಹೊರಟದ್ದು ಎಷ್ಟು ಹೊತ್ತಿಗೆ, ಯಾರು ಯಾರು ಹೋದರು, ಬಂದ ಮೇಲೆ ಪೈಪು ತೊಳೆದು ಒಣಗಲು ಹಾಕಿದ್ದು ಎಷ್ಟು ಹೊತ್ತಿಗೆ, ಇಷ್ಟನ್ನು ದಿನಚರಿ ಪುಸ್ತಕದಲ್ಲಿ ಬರೆದು ಗೆರೆ ಎಳೆದರೆ ಆ ದಿನದ ಕೆಲಸ ಮುಗಿದಂತೆ. ನಿವೃತ್ತನಾದ ಮೇಲೂ ನಾನು ಆ ಪುಸ್ತಕ ಬಿಡಲಿಲ್ಲ. ನನ್ನ ಪುಟಗಳೆಲ್ಲ ನೇರ ಗೆರೆಯ ಪುಟಗಳು. ಆ ಬುಧವಾರದ ಪುಟ ಮಾತ್ರ ಈಗ ತೆರೆದು ನೋಡಿದರೂ ಅಕ್ಷರಗಳು ಕುಣಿಯುತ್ತವೆ.

ಕ್ಯಾಮೆರಾ ಏಕೆ ಬೇಕಾಯಿತು ಎನ್ನುವುದನ್ನು ಮೊದಲು ಹೇಳಬೇಕು. ಜನವರಿಯಲ್ಲಿ ನನ್ನ ಹೆಂಡತಿಯ ಚಿಕ್ಕಮ್ಮನ ತಿಥಿಗೆ ಹೋಗಿದ್ದೆವು. ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೋವನ್ನು ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಚಿಕ್ಕಮ್ಮನ ಕಣ್ಣು ಅರ್ಧ ಮುಚ್ಚಿತ್ತು. ಹೆಗಲ ಮೇಲೆ ಇನ್ಯಾರದೋ ಬಳೆ ತೊಟ್ಟ ಕೈ ಹಾಗೇ ಉಳಿದುಬಿಟ್ಟಿತ್ತು. ಊಟಕ್ಕೆ ಕೂತರೂ ನನ್ನ ಹೆಂಡತಿ ಆ ಗೋಡೆಯನ್ನೇ ನೋಡುತ್ತಿದ್ದಳು. ಮನೆಗೆ ಬಂದವಳೇ ಟ್ರಂಕು ತೆಗೆದು ತನ್ನ ಫೋಟೋಗಳನ್ನೆಲ್ಲ ಚಾಪೆಯ ಮೇಲೆ ಹರಡಿದಳು.

"ನೋಡಿ, ಇದ್ರಲ್ಲಿ ಕಣ್ ಮುಚ್ಚಿದೀನಿ. ಇದ್ರಲ್ಲೂ ಮುಚ್ಚಿದೀನಿ. ಮಗಳಿಗೆ ಧಾರೆ ಎರೀವಾಗ್ಲೂ ಮುಚ್ಚಿದೀನಿ. ವೋಟಿನ ಚೀಟೀಲೂ ಮುಚ್ಚಿದೀನಿ. ಏನ್ರೀ ಇದು, ನಲವತ್ತೊಂದು ವರ್ಷ ನಿದ್ದೇಲೇ ಸಂಸಾರ ಮಾಡಿದ್ನಾ?"

"ನಮ್ಮ ಮದುವೆ ಆಲ್ಬಮ್ ನೋಡು," ಎಂದೆ.

"ಅದ್ರಲ್ಲಿ ಪೂರ್ತಿ ತಲೆ ಬಗ್ಸಿದೀನಿ. ಬರೀ ಬೈತಲೆ ಕಾಣುತ್ತೆ. ನಾಳೆ ನಾನು ಹೋದ್ಮೇಲೆ ಗೋಡೆಗೆ ಏನ್ ಹಾಕ್ತೀರಾ, ಬೈತಲೇನಾ?"

ಹೇಳಿ ಅವಳೇ ಜೋರಾಗಿ ನಕ್ಕಳು. ಆದರೆ ಫೋಟೋಗಳನ್ನು ಟ್ರಂಕಿಗೆ ಹಾಕುವಾಗ ಒಂದೊಂದನ್ನೂ ಬೋರಲು ಮಾಡಿ ಇಟ್ಟಳು. ಅದನ್ನು ನಾನು ಕಂಡೆ. ಕಣ್ಣು ತೆರೆದಿರುವ ಒಂದು ಫೋಟೋ, ಒಂದೇ ಒಂದು, ನಾನೇ ತೆಗೆಯಬೇಕು ಎಂದು ಆಗಲೇ ನಿಶ್ಚಯಿಸಿದೆ.

ಮರುದಿನದಿಂದ ಮೊಬೈಲಿನಲ್ಲಿ ಪ್ರಯತ್ನ ಶುರುವಾಯಿತು. ಅಂಗಳದಲ್ಲಿ ನಿಲ್ಲಿಸಿ ತೆಗೆದೆ, ತುಳಸಿಕಟ್ಟೆಯ ಬಳಿ ತೆಗೆದೆ, ಚಕ್ಕೋತದ ಗಿಡದ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿ ತೆಗೆದೆ. ಪ್ರತಿ ಸಲವೂ ಶಿಸ್ತಾಗಿ "ಒಂದು, ಎರಡು, ಮೂರು" ಎಂದು ಎಣಿಸಿಯೇ ಒತ್ತುತ್ತಿದ್ದೆ. ಠಾಣೆಯ ಡ್ರಿಲ್ಲಿನಲ್ಲಿ ಒಂದು ಅಂದರೆ ಪೈಪು ಬಿಚ್ಚಬೇಕು, ಎರಡು ಅಂದರೆ ಜೋಡಿಸಬೇಕು, ಮೂರು ಅಂದರೆ ನೀರು. ಎಣಿಸದೆ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ. ಎರಡು ವಾರ ತೆಗೆದೆ. ಒಂದರಲ್ಲೂ ಕಣ್ಣಿಲ್ಲ.

ಆಗ ಡ್ರೈವರ್ ಬಂದ. ನನ್ನ ಜೊತೆ ಇಪ್ಪತ್ತು ವರ್ಷ ನೀರಿನ ಬಂಡಿ ಓಡಿಸಿದವನು. ಈಗ ಎರಡು ಬೀದಿ ಆಚೆ ಇದ್ದಾನೆ. ಹೆಗಲ ಮೇಲೆ ಕೆಂಪು ಅಂಚಿನ ಟವೆಲ್ ಇಲ್ಲದೆ ಅವನನ್ನು ಕಂಡವರಿಲ್ಲ.

"ಗುರು, ತಪ್ಪು ಅಕ್ಕಂದಲ್ಲ, ಮೊಬೈಲಿಂದು," ಎಂದ. "ನೀನು ಒತ್ತೋದು ಈಗ, ಅದು ಹೊಡೆಯೋದು ಆಮೇಲೆ. ಅಷ್ಟರಲ್ಲಿ ರೆಪ್ಪೆ ಬಿದ್ದಿರುತ್ತೆ. ಎಸ್‌ಎಲ್‌ಆರ್ ತಗೋ. ಒತ್ತಿದ್ ತಕ್ಷಣ ಖಟಕ್ ಅನ್ನುತ್ತೆ."

"ನಿಂಗೆ ಹೇಗ್ಲಾ ಗೊತ್ತು?"

"ನಮ್ಮ ಅಣ್ಣನ ಮಗನ ಮದ್ವೇಲಿ ಫೋಟೋಗ್ರಾಫರ್ ಹಿಂದೇನೇ ಓಡಾಡ್ತಿದ್ನಲ್ಲ."

"ಅವನ ಹಿಂದೆ ಓಡಾಡಿದ್ದು ಅವನು ಊಟದ ಮನೆಗೆ ಮೊದಲು ಹೋಗ್ತಿದ್ದ ಅಂತ," ಎಂದಳು ನನ್ನ ಹೆಂಡತಿ, ಒಳಗಿನಿಂದ.

ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಬೆಳಿಗ್ಗೆ ಐದಕ್ಕೆ ಎದ್ದು, ಆರಕ್ಕೆ ವಾಕಿಂಗ್ ಮುಗಿಸಿ, ಆರರಿಂದ ಏಳರವರೆಗೆ ಮೊಬೈಲಿನಲ್ಲಿ ಕ್ಯಾಮೆರಾ ಪಾಠಗಳನ್ನು ನೋಡುವುದು, ಟಿಪ್ಪಣಿ ಬರೆಯುವುದು. ಮೊದಲ ಮೂರು ದಿನ ಒಂದು ಪದವೂ ಅರ್ಥವಾಗಲಿಲ್ಲ. ನಾಲ್ಕನೆಯ ದಿನ ಇದ್ದಕ್ಕಿದ್ದಂತೆ ಎಲ್ಲವೂ ನಮ್ಮ ಠಾಣೆಯ ಭಾಷೆಯಲ್ಲಿ ತಿಳಿದುಬಿಟ್ಟಿತು. ಅಪರ್ಚರ್ ಎಂದರೆ ಪೈಪಿನ ಬಾಯಿ ಎಷ್ಟು ಅಗಲ ಎನ್ನುವುದು. ಷಟರ್ ಎಂದರೆ ವಾಲ್ವನ್ನು ಎಷ್ಟು ಹೊತ್ತು ತೆರೆದಿಡಬೇಕು ಎನ್ನುವುದು. ಐಎಸ್‌ಒ ಎಂದರೆ ಪಂಪಿನ ಒತ್ತಡ. ಏರಿಸಿದರೆ ನೀರು ಬರುತ್ತದೆ, ಜೊತೆಗೆ ತಳದ ಕೆಸರೂ ಬರುತ್ತದೆ. ಅರುವತ್ತಾರನೆಯ ವಯಸ್ಸಿನಲ್ಲಿ ಹೊಸ ವಿದ್ಯೆಯೊಂದು ತಲೆಗೆ ಹತ್ತಿತಲ್ಲ ಎಂಬ ಸಂತೋಷಕ್ಕೆ ನಾನು ಆ ದಿನ ಎರಡು ಸಲ ಕಾಫಿ ಕುಡಿದೆ. ಹನ್ನೊಂದಕ್ಕೆ ಮುಂಚೆ ಎರಡನೆಯ ಕಾಫಿ ನಮ್ಮ ಮನೆಯಲ್ಲಿ ಅದೇ ಮೊದಲು.

ಈಗ ಮದುವೆ ಫೋಟೋಗ್ರಾಫರುಗಳೆಲ್ಲ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಗಳಿಗೆ ಹೋಗುತ್ತಿದ್ದಾರೆ. ಅವರು ಬಿಟ್ಟ ಕನ್ನಡಿ ಇರುವ ಎಸ್‌ಎಲ್‌ಆರ್‌ಗಳು ಒಳ್ಳೆಯ ಸ್ಥಿತಿಯಲ್ಲೇ ಅಂಗಡಿಗಳಿಗೆ ಬಂದು ಬೀಳುತ್ತಿವೆ. ಅಂಥ ಮಾಲು ಇಟ್ಟಿರುವ ಸ್ಟುಡಿಯೋ ಒಂದು ದೇವನಹಳ್ಳಿಯಲ್ಲಿದೆ ಎಂದು ಡ್ರೈವರ್ ಪತ್ತೆ ಮಾಡಿ ಬಂದ.

"ಅಂದ್ರೆ ವಯಸ್ಸಾದ ಮಾಲು," ಎಂದಳು ನನ್ನ ಹೆಂಡತಿ. "ಹಂಗಾದ್ರೆ ನಾನೂ ಬರ್ತೀನಿ."

"ನಿನಗೆ ಕ್ಯಾಮೆರಾದಲ್ಲಿ ಏನು ತಿಳಿಯುತ್ತೆ?"

"ಎತ್ತು ನೋಡೋಕೆ ತಿಳಿಯುತ್ತಲ್ಲ."

ಅವಳ ತವರು ಘಾಟಿ ಸುಬ್ರಹ್ಮಣ್ಯದ ಮಗ್ಗುಲ ಹಳ್ಳಿ. ನನ್ನ ಮಾವ ದನದ ದಲ್ಲಾಳಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವರು. ಗಂಡುಮಕ್ಕಳಿಲ್ಲದ ಅವರು ಮಗಳನ್ನೇ ಕರೆದುಕೊಂಡು ಹೋಗಿ ಹಲ್ಲು, ಸುಳಿ, ನಡಿಗೆ ನೋಡುವುದನ್ನು ಕಲಿಸಿದ್ದರು. ಮದುವೆಯಾದ ಮೇಲೆ ಆ ವಿದ್ಯೆ ಅವಳಿಗೆ ಉಪಯೋಗಕ್ಕೆ ಬಂದದ್ದು ತೆಂಗಿನಕಾಯಿ ಆರಿಸುವುದಕ್ಕೆ ಮಾತ್ರ. ಅವಳದು ಒಂದೇ ಷರತ್ತು. ಬುಧವಾರ ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ವ್ಯಾಪಾರ ಮುಗಿಯಬೇಕು.

ಎಂಟು ಐದಕ್ಕೆ ಕಾರು ಹೊರಟಿತು. ಕಾರು ಡ್ರೈವರನದೇ. ಬೆಂಕಿ ಕರೆಗೆ ಹೋಗುವಂತೆ ಅವನು ದಾರಿಯುದ್ದಕ್ಕೂ ಹಾರನ್ ಮೇಲಿನ ಕೈ ತೆಗೆಯಲಿಲ್ಲ. ದ್ರಾಕ್ಷಿ ಚಪ್ಪರಗಳು, ಬಡಾವಣೆಗೆಂದು ನೆಟ್ಟ ಕಲ್ಲುಗಳು, ಮತ್ತೆ ಚಪ್ಪರಗಳು. ತಲೆಯ ಮೇಲೆ ವಿಮಾನ ಇಳಿಯುವಾಗೆಲ್ಲ ಅವನು ಕಾರು ನಿಧಾನ ಮಾಡಿ ಕತ್ತು ಹೊರಗೆ ಹಾಕುತ್ತಿದ್ದ.

"ಲೇ, ಮುಂದೆ ನೋಡೋ," ಎಂದೆ.

"ಇರು ಗುರು, ಇನ್ನೊಂದ್ ಸಲಕ್ಕೆ ಇದ್ರ ಫೋಟೋ ನೀನೇ ತೆಗೀಬೋದು, ಯಾವ ಕಡೆಯಿಂದ ಬರುತ್ತೆ ಅಂತ ನೋಡ್ಕೋತಿದೀನಿ."

ಸ್ಟುಡಿಯೋ ಬಾಗಿಲು ತೆರೆಯುವುದು ಹತ್ತಕ್ಕೆ ಎಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಕಾದೆವು. ಹತ್ತು ಇಪ್ಪತ್ತಕ್ಕೆ ಮಾಲೀಕ ಬಂದ. ನಲವತ್ತರ ಆಸುಪಾಸಿನವನು, ಕನ್ನಡಕ ತಲೆಯ ಮೇಲೆ, ನಗುಮುಖ. ನನ್ನ ಟಿಪ್ಪಣಿ ಪುಸ್ತಕವನ್ನು ಕಂಡು ಮೊದಲು ಆದಾಯ ತೆರಿಗೆಯವರೆಂದು ಗಾಬರಿಯಾದನಂತೆ. ಆಮೇಲೆ ಅವನೇ ಹೇಳಿದ. ವಿಷಯ ತಿಳಿದ ಮೇಲೆ ಗಾಜಿನ ಕಪಾಟಿನಿಂದ ಮೂರು ಕ್ಯಾಮೆರಾ ತೆಗೆದು ಮೇಜಿನ ಮೇಲಿನ ಬಟ್ಟೆಯ ಮೇಲೆ ಸಾಲಾಗಿ ಇಟ್ಟ.

ಮೊದಲನೆಯದು ದೊಡ್ಡದು. ಮೈತುಂಬ ಗುಂಡಿಗಳು. ಅದನ್ನು ಕಂಡ ಕೂಡಲೇ ನನ್ನ ಎದೆ ಹೊಡೆದುಕೊಂಡಿತು ಎಂದು ಒಪ್ಪಿಕೊಳ್ಳುತ್ತೇನೆ. ಎರಡನೆಯದು ಚಿಕ್ಕದು, ಮಿರಮಿರ ಮಿಂಚುತ್ತಿತ್ತು. ಹೊಸಬರಿಗೆ ಇದೇ ಸರಿ ಎಂದ ಮಾಲೀಕ. ಮೂರನೆಯದರ ಮೂಲೆಗಳಲ್ಲಿ ಬಣ್ಣ ಸವೆದು ಒಳಗಿನ ಬಿಳುಪು ಕಾಣುತ್ತಿತ್ತು. ಅದಕ್ಕೆ ಇದ್ದದ್ದು ಗಿಡ್ಡನೆಯ ಒಂದು ಲೆನ್ಸ್, ಹಿಗ್ಗಿಸುವ ಹಾಗಿಲ್ಲ, ಕುಗ್ಗಿಸುವ ಹಾಗಿಲ್ಲ.

"ಎಷ್ಟು ಮೆಗಾಪಿಕ್ಸೆಲ್?" ಎಂದು ಡ್ರೈವರ್ ಗತ್ತಿನಿಂದ ಕೇಳಿದ. ಮಾಲೀಕ ಹೇಳಿದ. "ಪರವಾಗಿಲ್ಲ," ಎಂದ ಡ್ರೈವರ್. ಅವನ ಪ್ರಶ್ನೆಗಳು ಅಲ್ಲಿಗೆ ಮುಗಿದವು.

ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ರೀ, ಇದನ್ನ ಎತ್ಕೊಳ್ಳಿ," ಎಂದು ದೊಡ್ಡದನ್ನು ನನ್ನ ಕೈಗೆ ಕೊಟ್ಟಳು. "ಕಣ್ಣಿಗೆ ಹಿಡೀರಿ. ಹಂಗೇ ಇರಿ."

ನಿಂತೆ. ಅವಳು ಅಂಗಡಿಯ ಗೋಡೆಯ ಮೇಲಿದ್ದ ಮದುಮಕ್ಕಳ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಒಂದು ಸುತ್ತು ಬಂದಳು. ಎರಡನೆಯ ಗೋಡೆಗೆ ಬರುವ ಹೊತ್ತಿಗೆ ನನ್ನ ಕೈ ಅದುರತೊಡಗಿತ್ತು.

"ಇಳಿಸಿ. ಇದು ನಿಮ್ಮ ನೊಗಕ್ಕೆ ಆಗೋದಲ್ಲ. ಮೂರನೇ ದಿನ ಬೀರು ಸೇರುತ್ತೆ."

ನನ್ನ ಎದೆ ಹೊಡೆದುಕೊಳ್ಳುವಂತೆ ಮಾಡಿದ್ದ ಕ್ಯಾಮೆರಾವನ್ನು ಕೆಳಗಿಟ್ಟೆ. ಮೂವತ್ತಾರು ವರ್ಷ ಪೈಪು ಹಿಡಿದ ಕೈ ಇದು ಎಂದು ಹೇಳಬೇಕೆನಿಸಿತು. ಆದರೆ ಕೈ ಇನ್ನೂ ಅದುರುತ್ತಿತ್ತು.

ಎರಡನೆಯದನ್ನು ಅವಳು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಅಂಚಿಗೆ ಉಜ್ಜಿ, ಆ ಬೆರಳನ್ನು ಮಾಲೀಕನ ಮುಖದ ಮುಂದೆ ಹಿಡಿದಳು. ಬೆರಳು ಕಪ್ಪಾಗಿತ್ತು.

"ಏನಪ್ಪಾ ಇದು? ಕೊಂಬಿಗೆ ಎಣ್ಣೆ ಹಚ್ಚಿದೀಯಾ?"

ಮಾಲೀಕ ಪೆಚ್ಚಾದ. "ಅದು... ಮಾರ್ಕರ್ ಅಮ್ಮಾ. ಸ್ವಲ್ಪ ಗೀರು ಕಾಣ್ತಿತ್ತು, ಅದಕ್ಕೆ."

"ಹಲ್ಲು ಎಷ್ಟು ಇದಕ್ಕೆ?"

ಮಾಲೀಕ ನನ್ನ ಮುಖ ನೋಡಿದ. ನನಗೆ ಹೊಳೆದುಬಿಟ್ಟಿತು! ಟಿಪ್ಪಣಿ ಪುಸ್ತಕದ ಏಳನೆಯ ಪುಟ: ಹಳೆಯ ಕ್ಯಾಮೆರಾ ಎಷ್ಟು ಫೋಟೋ ಹೊಡೆದಿದೆ ಎನ್ನುವ ಲೆಕ್ಕ ಅದರ ಹೊಟ್ಟೆಯೊಳಗೇ ಇರುತ್ತದೆ, ಅದರಿಂದ ಅದರ ವಯಸ್ಸು ತಿಳಿಯುತ್ತದೆ. "ಷಟರ್ ಕೌಂಟ್! ಅವಳು ಕೇಳ್ತಿರೋದು ಷಟರ್ ಕೌಂಟ್!" ಎಂದು ಕೂಗಿಬಿಟ್ಟೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಮಾಲೀಕ ಉಳಿದ ಎರಡನ್ನೂ ಒಂದೊಂದಾಗಿ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದ. ಮಿಂಚುತ್ತಿದ್ದದ್ದು ಪೂರ್ತಿ ಬಾಯಿಗೂಡಿದ ಮುದಿ ಎತ್ತು. ಮೂಲೆ ಸವೆದದ್ದು ಅದರ ಕಾಲು ಭಾಗವೂ ಹೊಡೆದಿರಲಿಲ್ಲ. "ಇದು ಒಬ್ಬ ಮೇಷ್ಟ್ರದ್ದು," ಎಂದ. "ದಿನಾ ಚೀಲದಲ್ಲಿ ಹಾಕ್ಕೊಂಡು ಓಡಾಡ್ತಿದ್ರು, ತೆಗೀತಾ ಇದ್ದದ್ದು ಅಪರೂಪ."

"ಮೈ ಸವೆದಿದೆ, ದುಡಿದಿಲ್ಲ," ಎಂದಳು ನನ್ನ ಹೆಂಡತಿ. "ಈಗ ನಡಿಸಿ ತೋರ್ಸು."

ನಡೆಸುವುದೆಂದರೆ ಏನು ಎಂದು ಈಗ ಮಾಲೀಕನಿಗೇ ಗೊತ್ತಾಗಿತ್ತು. ಕಿವಿಯ ಹತ್ತಿರ ಹಿಡಿದು ಹತ್ತು ಸಲ ಒತ್ತಿದ. ಖಟಕ್, ಖಟಕ್, ಖಟಕ್. ಅವಳು ಕಣ್ಣು ಕಿರಿದು ಮಾಡಿ, ಕಲ್ಲು ರಸ್ತೆಯಲ್ಲಿ ಗೊರಸಿನ ಸದ್ದು ಕೇಳುವವಳಂತೆ ಕೇಳಿದಳು. ಹತ್ತೂ ಒಂದೇ ಸಮ ಎಂದು ತಲೆಯಾಡಿಸಿದಳು. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಸುಳಿ ಹುಡುಕಿದಳು. ಮಚ್ಚೆ, ಬೂಷ್ಟು ಏನೂ ಇರಲಿಲ್ಲ. ಡ್ರೈವರ್ ಬಾಯಿಯ ಮೇಲೆ ಟವೆಲ್ ಒತ್ತಿಕೊಂಡು ನಗುತ್ತಿದ್ದ. ಮಾಲೀಕನೂ ನಗುತ್ತಿದ್ದ.

"ಅಮ್ಮಾ, ಯಾವೂರು ನಿಮ್ದು?"

"ಘಾಟಿ ಕಡೆ. ನಮ್ಮಪ್ಪ ದಲ್ಲಾಳಿ."

"ಅದಕ್ಕೇ! ನಾನು ಕುಂದಾಣದೋನು. ನಮ್ಮ ತಾತನೂ ನಿಮ್ ಥರಾನೇ. ಮದ್ವೆಗೆ ಹೆಣ್ಣು ನೋಡೋಕೆ ಹೋದ್ರೂ ಮೊದ್ಲು ಕೊಟ್ಟಿಗೆಗೆ ಹೋಗ್ತಿದ್ರು."

ಆಗ ಕರೆಂಟ್ ಹೋಯಿತು. ಹನ್ನೊಂದು ಮೂವತ್ತೈದು. ಕಂಪ್ಯೂಟರ್ ಆರಿತು, ಫ್ಯಾನು ನಿಂತಿತು, ಅಂಗಡಿಯ ಒಳಗೆಲ್ಲ ಮಸುಕು.

"ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಯ್ತು," ಎಂದ ಮಾಲೀಕ ನಾಚಿಕೊಂಡು.

"ಹನ್ನೆರಡಕ್ಕೆ ರಾಹುಕಾಲ," ಎಂದಳು ನನ್ನ ಹೆಂಡತಿ. "ಬಾಗ್ಲಿಗೆ ಬಾ. ವ್ಯಾಪಾರ ಮುಗ್ಸೋಣ. ಟವೆಲ್ ಇದ್ಯಾ?"

ಮಾಲೀಕನ ಮುಖ ಅರಳಿತು. ಇಂದಿನವರಿಗೆ ಇದು ತಿಳಿಯದಿರಬಹುದು. ನಮ್ಮ ಕಡೆ ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹಾಕಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಕೇಳುತ್ತಾರೆ. ಒಂದು ಬೆರಳು, ಎರಡು ಬೆರಳು, ಇಡೀ ಮುಷ್ಟಿ. ಅದು ಎಷ್ಟಕ್ಕೆ ಎಷ್ಟು ಎನ್ನುವುದು ಆ ಇಬ್ಬರಿಗೆ ಮಾತ್ರ ಗೊತ್ತು. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖಗಳು ಮಾತ್ರ.

ಡ್ರೈವರ್ ತನ್ನ ಟವೆಲನ್ನು ಯುದ್ಧಕ್ಕೆ ಬಾವುಟ ಕೊಡುವವನಂತೆ ಕೊಟ್ಟ. "ಅಕ್ಕ, ಬೆಳಿಗ್ಗೆ ಕಾರ್ ಒರೆಸಿದೀನಿ, ನೋಡ್ಕೊಂಡು," ಎಂದ.

ಇಬ್ಬರೂ ಬಾಗಿಲಲ್ಲಿ ಎದುರುಬದುರು ನಿಂತರು. ಹೊರಗಿನ ಬೆಳಕು ಪಕ್ಕದಿಂದ ಅವಳ ಮುಖದ ಮೇಲೆ ಬೀಳುತ್ತಿತ್ತು. ಟವೆಲ್ ಕೈಗಳನ್ನು ಮುಚ್ಚಿತು. "ಸಾರ್, ನೀವು ಅಷ್ಟರಲ್ಲಿ ಒಂದು ಫೋಟೋ ಹೊಡೆದು ನೋಡಿ," ಎಂದು ಮಾಲೀಕ ಹೇಳಿದ. ಟಿಪ್ಪಣಿ ಪುಸ್ತಕದಲ್ಲಿ ನಾನು ಮಾಡಿಕೊಂಡಿದ್ದ ಪಟ್ಟಿಯ ನಾಲ್ಕನೆಯ ಬಾಬು ಅದೇ: ಸ್ವಂತ ಮೆಮೊರಿ ಕಾರ್ಡ್ ಒಯ್ದು ಪರೀಕ್ಷಿಸುವುದು. ಕಾರ್ಡನ್ನು ಸಿಕ್ಕಿಸಿ, ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ.

ಆ ಚಿಕ್ಕ ಕಿಂಡಿಯಲ್ಲಿ ಮೊದಲ ಸಲ ಅವಳನ್ನು ಕಂಡೆ. ಮೊಬೈಲಿನ ಗಾಜಿನ ಮೇಲೆ ಕಾಣುವಂತಲ್ಲ. ನಿಜವಾದ ಬೆಳಕೇ ಕನ್ನಡಿಗೆ ತಾಗಿ ನನ್ನ ಕಣ್ಣಿಗೆ ಬರುತ್ತಿತ್ತು. ಅವಳ ತುಟಿ ಬಿಗಿದಿತ್ತು. ಗಲ್ಲದಲ್ಲಿ ನಗು ಅದುಮಿಟ್ಟಿತ್ತು. ಗುಂಡಿಯನ್ನು ಅರ್ಧ ಒತ್ತಿದೆ. ಪಿಪ್ ಎಂದು ಸದ್ದಾಗಿ ಅವಳ ಕಣ್ಣಿನ ಮೇಲೆ ಕೆಂಪು ಚುಕ್ಕೆ ಮಿನುಗಿತು. ಅಭ್ಯಾಸದಂತೆ ಬಾಯಿ ತೆರೆದೆ.

"ಒಂ..."

ಅವಳು ಮುಖ ತಿರುಗಿಸದೆ, ಬಿಡುವಾಗಿದ್ದ ಎಡಗೈಯನ್ನು ನನ್ನತ್ತ ಎತ್ತಿದಳು. ಟವೆಲ್ ಒಳಗೆ ಕೈ ಇರುವಾಗ ಯಾರೂ ಮಾತಾಡಬಾರದು. ಬಾಯಿ ಮುಚ್ಚಿದೆ. ಕೈ ಇಳಿಯಿತು. ಒತ್ತಿದೆ.

ಖಟಕ್. ಕಿಂಡಿ ಕಪ್ಪಾಯಿತು.

ಎಸ್‌ಎಲ್‌ಆರ್‌ನ ಗುಣ ಅದು. ಫೋಟೋ ಬೀಳುವ ಕ್ಷಣದಲ್ಲಿ ಒಳಗಿನ ಕನ್ನಡಿ ಮೇಲಕ್ಕೆ ಹಾರುತ್ತದೆ, ತೆಗೆಯುವವನಿಗೆ ಏನೂ ಕಾಣುವುದಿಲ್ಲ. ಪುಸ್ತಕದಲ್ಲಿ ಬರೆದುಕೊಂಡಿದ್ದೆ, ಆದರೆ ಅನುಭವಿಸಿರಲಿಲ್ಲ. ಯಾವ ಕ್ಷಣಕ್ಕಾಗಿ ಇಷ್ಟು ದೂರ ಬಂದೆನೋ ಅದೇ ಕ್ಷಣ ನನ್ನ ಕಣ್ಣನ್ನೇ ಕ್ಯಾಮೆರಾ ಮುಚ್ಚಿತ್ತು. ಗಡಿಬಿಡಿಯಲ್ಲಿ ಹಿಂದಿನ ಪರದೆ ನೋಡಿದೆ. ಬ್ಯಾಟರಿಯ ಗುರುತು ಕೆಂಪಗೆ ಒಂದು ಸಲ ಮಿನುಗಿತು. ಆಮೇಲೆ ಎಲ್ಲವೂ ಆರಿಹೋಯಿತು.

"ಬಂತು!" ಎಂದು ಅತ್ತ ಕಡೆ ಮಾಲೀಕ ಕೂಗಿದ. ವ್ಯಾಪಾರ ಮುಗಿದಿತ್ತು. ಟವೆಲ್ ತೆಗೆದರು. ನನ್ನ ಹೆಂಡತಿ ತನ್ನ ಸೊಂಟದ ಚೀಲದಿಂದ ತಾನೇ ಹಣ ಕೊಟ್ಟಳು, ನನಗೆ ಬೆನ್ನು ತಿರುಗಿಸಿ.

"ಎಷ್ಟಕ್ಕಾಯ್ತು?" ಎಂದೆ.

"ಟವೆಲ್ ಒಳಗಿಂದು ಹೊರಗೆ ಹೇಳಬಾರ್ದು."

"ನಾನು ಪುಸ್ತಕದಲ್ಲಿ ಬರೀಬೇಕು ಕಣೇ."

"ಬರೀರಿ. 'ಗೊತ್ತಿಲ್ಲ' ಅಂತ ಬರೀರಿ."

ಈಗಲೂ ಆ ಪುಟದಲ್ಲಿ ಬೆಲೆ ಎಂಬ ಪದದ ಮುಂದೆ 'ಗೊತ್ತಿಲ್ಲ' ಎಂದೇ ಇದೆ.

ಬ್ಯಾಟರಿ ಆರಿದ ವಿಷಯ ಹೇಳಿದೆ. ಮಾಲೀಕ ತಲೆ ಕೆರೆದುಕೊಂಡ. "ಚಾರ್ಜ್ ಹಾಕಿರ್ಲಿಲ್ಲ ಸಾರ್. ಚಾರ್ಜರ್ ಚೀಲದಲ್ಲೇ ಇದೆ. ಆದ್ರೆ ಆ ಫೋಟೋ ಕಾರ್ಡಿಗೆ ಬಿದ್ದಿದ್ಯೋ ಇಲ್ವೋ ಗ್ಯಾರಂಟಿ ಹೇಳಕ್ಕಾಗಲ್ಲ. ಕರೆಂಟ್ ಇದ್ದಿದ್ರೆ ಇಲ್ಲೇ ನೋಡ್ಬೋದಿತ್ತು."

ಹನ್ನೊಂದು ಐವತ್ತೆರಡಕ್ಕೆ ಕಾರು ಹತ್ತಿದೆವು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಚೀಲವನ್ನು ಕರುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು, ಹುಡುಗಿಯ ಹಾಗೆ ನಗುತ್ತಿದ್ದಳು. "ನಮ್ಮಪ್ಪ ಇದ್ದಿದ್ರೆ! ಅವನು ಮುಷ್ಟಿ ಹಿಡ್ದ, ನಾನು ಬಿಡಿಸ್ಕೊಂಡು ಎರಡೇ ಬೆರಳು ಹಿಡ್ದೆ, ಅವನು ಮತ್ತೆ..." ಎಂದವಳು ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಹೇಳಿಸ್ಬಿಡ್ತಿದ್ರಿ."

ನಾನು ನಗಲಿಲ್ಲ. ತಲೆಯಲ್ಲಿ ಆ ಒಂದು ಖಟಕ್ ಮಾತ್ರ ಇತ್ತು. ಕಾರ್ಡಿಗೆ ಬಿದ್ದಿದೆಯೋ ಇಲ್ಲವೋ. ಬಿದ್ದಿದ್ದರೂ ಕಣ್ಣು ತೆರೆದಿದೆಯೋ ಇಲ್ಲವೋ.

ಒಂದು ಗಂಟೆ ಹತ್ತಕ್ಕೆ ಚಾರ್ಜಿಗೆ ಹಾಕಿದೆ. ಚಾರ್ಜರಿನ ಕೆಂಪು ದೀಪ ಹಸಿರಾಗುವವರೆಗೆ ಮುಟ್ಟಬಾರದೆಂದು ನಿಯಮ ಮಾಡಿಕೊಂಡೆ. ಊಟ ಮಾಡಿದೆವು. ಅನ್ನದ ಮೇಲೆ ಹುಳಿಗೆ ಬದಲು ನೀರು ಬಡಿಸಿಕೊಂಡೆ. ಎರಡಕ್ಕೆ ಮಲಗುವವನು ಮಲಗಲಿಲ್ಲ. ಮೂರಕ್ಕೆ ಗಿಡಕ್ಕೆ ನೀರು ಹಾಕಿದೆ. ಅದು ಐದರ ಕೆಲಸ. ನಾಲ್ಕಕ್ಕೆ ಡ್ರೈವರ್ ಬಂದ.

"ಏನ್ ಗುರು, ಹೆರಿಗೆ ವಾರ್ಡ್ ಮುಂದೆ ಓಡಾಡೋ ಥರ ಓಡಾಡ್ತಿದೀಯ?"

ನಾಲ್ಕು ಗಂಟೆ ಮೂವತ್ತೆರಡು ನಿಮಿಷಕ್ಕೆ ದೀಪ ಹಸಿರಾಯಿತು. ಬ್ಯಾಟರಿ ಹಾಕಿದೆ. ಗುಂಡಿ ಒತ್ತಿದೆ. ಪರದೆ ಬೆಳಗಿತು.

ಬಿದ್ದಿತ್ತು. ಫೋಟೋ ಬಿದ್ದಿತ್ತು!

ಸ್ವಲ್ಪ ವಾಲಿತ್ತು. ಎಡಮೂಲೆಯಲ್ಲಿ ಡ್ರೈವರನ ಮೊಣಕೈ. ಕೆಳಗೆ ಕೆಂಪು ಅಂಚಿನ ಟವೆಲ್. ನಡುವೆ ನನ್ನ ಹೆಂಡತಿ, ಎರಡೂ ಕಣ್ಣು ಪೂರ್ತಿ ತೆರೆದುಕೊಂಡು. ಎಷ್ಟು ತೆರೆದಿದ್ದವೆಂದರೆ ಎರಡರಲ್ಲೂ ಅಂಗಡಿಯ ಬಾಗಿಲು ಚಿಕ್ಕದಾಗಿ ಹೊಳೆಯುತ್ತಿತ್ತು. ಗೆಲ್ಲುವವರ ಕಣ್ಣು. ನಲವತ್ತೊಂದು ವರ್ಷದಿಂದ ನಾನು ದಿನಾ ನೋಡುವ ಕಣ್ಣೇ. ಕಾಗದದ ಮೇಲೆ ಎಂದೂ ಬರದೇ ಇದ್ದ ಕಣ್ಣು.

ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ಪಕ್ಕದ ಮನೆಯ ಮಗ್ಗದ ಸದ್ದು ನಿಂತಿತು. ಡ್ರೈವರ್ ಟವೆಲ್ ಬೀಸಿ ಕುಣಿದ. ನನ್ನ ಹೆಂಡತಿ ಕೈ ಒರೆಸಿಕೊಂಡು ಬಂದು, ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಹೆಂಗ್ರೀ ಬಂತು?"

"ಕ್ಯಾಮೆರಾ ಒಳ್ಳೇದು," ಎಂದೆ.

"ಕ್ಯಾಮೆರಾ ಅಲ್ಲ. ನಮ್ಮಪ್ಪ ಹೇಳ್ತಿದ್ರು, ಟವೆಲ್ ಒಳಗೆ ಕೈ ಇರೋ ತನಕ ರೆಪ್ಪೆ ಹೊಡೀಬಾರ್ದು, ಎದುರಿನೋನಿಗೆ ಗೊತ್ತಾಗ್ಬಿಡುತ್ತೆ ಅಂತ. ಅದಕ್ಕೇ ನಾನು ಹೊಡೀಲಿಲ್ಲ."

ಸರಿ, ಈಗ ಇನ್ನೊಂದು ತೆಗೆಯೋಣ ಎಂದು ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿದೆ. "ಒಂದು, ಎರಡು, ಮೂರು." ಖಟಕ್. ಕಣ್ಣು ಮುಚ್ಚಿತ್ತು. ಮತ್ತೆ ತೆಗೆದೆ. ಮುಚ್ಚಿತ್ತು. ಮೂರನೆಯ ಸಲ ಡ್ರೈವರ್ ನನ್ನ ಪಕ್ಕ ಬಂದು ನಿಂತು ಅವಳ ಮುಖವನ್ನೇ ನೋಡಿದ.

"ಗುರು, ನಿಲ್ಲು ನಿಲ್ಲು. ನೀನು ಒತ್ತೋದಕ್ಕಲ್ಲ ಕಣೋ. ನೀನು ಮೂರು ಅಂದಿದ್ ತಕ್ಷಣ ಅಕ್ಕ ಕಣ್ ಮುಚ್ತಾರೆ. ಸೆಲ್ಯೂಟ್ ಹೊಡ್ದಂಗೆ!"

ನನ್ನ ಹೆಂಡತಿ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಳು.

"ಅಯ್ಯೋ! ಕ್ವಾರ್ಟರ್ಸು!"

ಮದುವೆಯಾದ ಹೊಸದರಲ್ಲಿ ನಾವಿದ್ದದ್ದು ಠಾಣೆಯ ಅಂಗಳದ ಕ್ವಾರ್ಟರ್ಸಿನಲ್ಲಿ. ಬೆಳಿಗ್ಗೆ ಆರೂವರೆಗೆ ಡ್ರಿಲ್. ಅವಳು ಹೊಸಲಿಗೆ ರಂಗೋಲಿ ಹಾಕುವುದೂ ಆರೂವರೆಗೇ. ನಾನು "ಒಂದು, ಎರಡು" ಎನ್ನುತ್ತಿದ್ದೆ. "ಮೂರು" ಎಂದ ಕೂಡಲೇ ಪೈಪಿನಿಂದ ನೀರು ಚಿಮ್ಮುತ್ತಿತ್ತು. ಗಾಳಿ ಇತ್ತ ಕಡೆ ಇದ್ದರೆ ಅದರ ಎರಚಲು ನೇರ ಅವಳ ಮುಖಕ್ಕೆ.

"ರಂಗೋಲಿ ಹೋಗ್ಲಿ, ಕಣ್ಣಾದ್ರೂ ಉಳೀಲಿ ಅಂತ ಮುಚ್ಕೋತಿದ್ದೆ," ಎಂದಳು. "ಹನ್ನೊಂದು ವರ್ಷ ಇದ್ವಲ್ರೀ ಅಲ್ಲಿ! ಆಮೇಲೆ ಫೋಟೋ ತೆಗೆಯೋರೆಲ್ಲ ಒಂದ್ ಎರಡ್ ಮೂರ್ ಅಂತಾನೇ ಅಂತಾರೆ. ಯಾರು ಮೂರು ಅಂದ್ರೂ ನೀರು ಬಂತು ಅಂತ್ಲೇ ನನಗೆ."

ನಾನು ಕುರ್ಚಿಯಲ್ಲಿ ಕುಳಿತುಬಿಟ್ಟೆ. ನಲವತ್ತೊಂದು ವರ್ಷ ನನ್ನ ಎಣಿಕೆಯೇ ಅವಳಿಗೆ ಕಣ್ಣು ಮುಚ್ಚಲು ಅಪ್ಪಣೆ ಕೊಡುತ್ತಿತ್ತು. ಅವಳು ಒಂದು ದಿನವೂ ತಪ್ಪದೆ ಪಾಲಿಸಿದ್ದಳು. ನನ್ನ ಇಡೀ ಠಾಣೆಯಲ್ಲಿ ಅಷ್ಟು ಶಿಸ್ತಿನ ಸಿಬ್ಬಂದಿ ಇನ್ನೊಬ್ಬರಿರಲಿಲ್ಲ. ಹಾಗೆಂದು ಹೇಳಿದೆ. ಅವಳು ನಗತೊಡಗಿದಳು. ನಾನೂ ನಕ್ಕೆ. ಡ್ರೈವರ್ ನೆಲದ ಮೇಲೆ ಕೂತು ನಗುತ್ತಿದ್ದ, "ಅಷ್ಟೂ ವರ್ಷ ಪಂಪ್ ಹೊಡ್ದೋನು ನಾನೇ ಅಕ್ಕ, ತಪ್ಪಾಯ್ತು," ಎನ್ನುತ್ತ.

ಆ ನಗುವಿನ ನಡುವೆ ಎಣಿಸದೆ ಇನ್ನೂ ಎರಡು ತೆಗೆದೆ. ಒಂದರಲ್ಲಿ ಅವಳ ಕಣ್ಣಿನಲ್ಲಿ ನಗುವಿನ ನೀರಿದೆ. ಇನ್ನೊಂದು ಪೂರ್ತಿ ಅಲುಗಿದೆ, ಅಲುಗಿದವನು ನಾನು.

ಐದೂವರೆಗೆ ಡ್ರೈವರ್ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೊರಟ. ಟವೆಲ್ ಇರುವ ಫೋಟೋವನ್ನೇ ದೊಡ್ಡದು ಮಾಡಿಸಬೇಕು, ಅವನ ಮೊಣಕೈ ಕತ್ತರಿಸಬಾರದು ಎಂದು ನನ್ನ ಹೆಂಡತಿ ಹೇಳಿ ಕಳಿಸಿದಳು. "ಚಿಕ್ಕಮ್ಮನ ಹೆಗಲ ಮೇಲಿನ ಕೈ ಥರ ಇದೂ ಇರ್ಲಿ ಬಿಡಿ." ಆ ಗಡಿಬಿಡಿಯಲ್ಲಿ ಅವನು ಟವೆಲ್ ಮರೆತು ಹೋದ.

ನಾನು ಕ್ಯಾಮೆರಾವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಲೆನ್ಸಿಗೆ ಮುಚ್ಚಳ ಹಾಕಿ, ಚೀಲಕ್ಕೆ ಸೇರಿಸಿದೆ. ನಂತರ ಸುತ್ತಿಗೆ, ಮೊಳೆ ತಂದು ಪಡಸಾಲೆಯ ಗೋಡೆಯ ಮುಂದೆ ನಿಂತೆ. ನಮ್ಮ ಹಿರಿಯರ ಹಾರ ಹಾಕಿದ ಫೋಟೋಗಳು ಇರುವುದು ಅಲ್ಲಿ.

"ಅಲ್ಲಿ ಬೇಡ," ಎಂದಳು. "ಅಡುಗೆಮನೆ ಬಾಗ್ಲ ಎದುರಿಗೆ ಹೊಡೀರಿ. ನಾನಿರೋವಾಗ್ಲೇ ದಿನಾ ನೋಡ್ಕೋಬೇಕು ಅದನ್ನ."

ಅಡುಗೆಮನೆಯ ಎದುರಿನ ಗೋಡೆಯಲ್ಲಿ ಜಾಗ ಗುರುತು ಮಾಡಿ, ಮೊಳೆ ಇಟ್ಟು, ಸುತ್ತಿಗೆ ಎತ್ತಿದೆ.

"ಒಂದು, ಎರಡು..."

"ರೀ!"

ಎರಡಕ್ಕೇ ಹೊಡೆದೆ. ಮೊಳೆ ನೇರವಾಗಿ ಇಳಿಯಿತು. ಫೋಟೋ ಬರುವುದು ನಾಳೆ. ಅಲ್ಲಿಯವರೆಗೆ ಇರಲಿ ಎಂದು ಅವಳು ಕೆಂಪು ಅಂಚಿನ ಟವೆಲನ್ನು ಒಗೆದು, ಹಿಂಡಿ ತಂದು ಆ ಮೊಳೆಗೆ ತೂಗುಹಾಕಿದಳು. ಗಂಟೆ ಆರು ನಲವತ್ತು.